ಹೆಬ್ಬೆರಳು ನೋಯುತ್ತಿದೆ, ಹೆಣಿಗೆ ಬಿಡಬೇಕೇ?

ಪ್ರಶ್ನೆ: ನನಗೆ 61 ವರ್ಷ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಹೋದ ವರ್ಷ ನಿವೃತ್ತಿಯಾಯಿತು. ರಾಜಾಜಿನಗರದಲ್ಲಿ ಮನೆ. ಚಿಕ್ಕಂದಿನಿಂದ ಹೆಣಿಗೆಯ ಹುಚ್ಚು. ಸ್ವೆಟರು, ಟೋಪಿ, ಕ್ರೋಶಾ ತೋರಣ, ಕಾಗದದ ಎಳೆ ಸುರುಳಿ ಸುತ್ತಿ ಅಂಟಿಸುವ ಕ್ವಿಲ್ಲಿಂಗ್ ಕಾರ್ಡು, ಏನಾದರೊಂದು ನಡೆದೇ ಇರುತ್ತದೆ. ಈಗಂತೂ ಮಧ್ಯಾಹ್ನ ಊಟ ಮುಗಿಸಿ ಕೂತರೆ ದೀಪ ಹಚ್ಚುವವರೆಗೂ ಏಳುವುದಿಲ್ಲ. ದೀಪಾವಳಿ ಆದಮೇಲೆ ತಂಗಿಯ ಮಗಳ ಮದುವೆಗೆ 120 ಕಾರ್ಡು ಕೈಯಲ್ಲೇ ಮಾಡಿಕೊಟ್ಟೆ. ಮಾರ್ಚಿನಲ್ಲಿ ಸೊಸೆಗೆ ಹೆರಿಗೆ. ಬೇಸಿಗೆಯಲ್ಲಿ ಹುಟ್ಟುವ ಮಗು ಎಂದು ಉಲ್ಲನ್ ಬಿಟ್ಟು ಹತ್ತಿ ದಾರ ತಂದು ಹೊದಿಕೆ ಹೆಣೆಯುತ್ತಿದ್ದೇನೆ, ಅರ್ಧ ಆಗಿದೆ. ಎರಡು ತಿಂಗಳಿಂದ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು. ಡಬ್ಬಿ ಮುಚ್ಚಳ ತಿರುಗಿಸುವಾಗ, ಕತ್ತರಿ ಹಿಡಿದಾಗ ಚುಚ್ಚುತ್ತದೆ. ಅದರ ಜೊತೆಗೆ ನಡುರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ. ಕೈ ಒದರಿದರೆ ಸರಿಹೋಗುತ್ತದೆ. ಏಳು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಡಾಕ್ಟರು ನೋವಿನ ಮಾತ್ರೆ ಬರೆದು, "ಈ ವಯಸ್ಸಿನಲ್ಲಿ ಇದೆಲ್ಲ ಯಾಕಮ್ಮ, ಬಿಟ್ಟುಬಿಡಿ" ಅಂದರು. ಹೆಣಿಗೆಯಿಂದಲೇ ಸಂಧಿವಾತ ಬರುವುದು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅತ್ತಿಗೆ ತಾಮ್ರದ ಬಳೆ ತಂದುಕೊಟ್ಟಿದ್ದಾರೆ. ಮಗ ಒಂದು ಸ್ಪಂಜಿನ ಚೆಂಡು ತಂದು, ದಿನಾ ಹಿಸುಕು ಅಂತಾನೆ. ನಾನು ನಿಜಕ್ಕೂ ಬಿಡಬೇಕೇ? ಭಾನುವಾರ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಹೆಣಿಗೆ ಹೇಳಿಕೊಡುತ್ತೇನೆ, ಅದನ್ನೂ ನಿಲ್ಲಿಸಬೇಕೇ? ಆಪರೇಷನ್ ಆಗಲೇಬೇಕೇ?
ಹೆಸರು ಬೇಡ, ಬೆಂಗಳೂರು

ಉತ್ತರ: ಮೇಡಂ, ಹೆಣಿಗೆ ಬಿಡಬೇಕಿಲ್ಲ. ನಿಮ್ಮ ಪತ್ರದ ಉದ್ದಕ್ಕೂ ಇರುವ ಭಯ ಅದೇ ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಆದರೆ ರಾತ್ರಿ ಜೋಮು ಹಿಡಿಯುವುದನ್ನು ವಯಸ್ಸಾಯಿತು ಎಂದು ತಳ್ಳಿಹಾಕುವ ಹಾಗಿಲ್ಲ. ಹೆಬ್ಬೆರಳಿನ ನೋವು ಸ್ವಲ್ಪ ದಿನ ಕಾದೀತು. ಜೋಮನ್ನು ಕಾಯಿಸಬಾರದು.

ಕೈಯ ತೊಂದರೆ ಇರುವವರಿಗೆ ವ್ಯಾಯಾಮ ಹೇಳಿಕೊಡುವುದು, ಕೈಗೆ ಆಧಾರದ ಪಟ್ಟಿ (ಸ್ಪ್ಲಿಂಟ್) ಹೊಂದಿಸಿಕೊಡುವುದು, ಮತ್ತೆ ಅವರ ಕೆಲಸಕ್ಕೆ ಮರಳುವಂತೆ ಮಾಡುವುದು ನನ್ನ ವೃತ್ತಿ. ಈ ಊರಿನಲ್ಲಿ ಕೈನೋವು ಅಂದರೆ ಕಂಪ್ಯೂಟರಿನವರದು ಎಂಬ ಭಾವನೆಯಿದೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳು, ಮಾರುಕಟ್ಟೆಯಲ್ಲಿ ಕೂತು ಹೂ ಕಟ್ಟುವವರು, ಮನೆಯಲ್ಲಿ ಸೀರೆಗೆ ಕುಚ್ಚು ಹಾಕಿಕೊಡುವವರು, ನಿಮ್ಮ ಹಾಗೆ ಕಡ್ಡಿ ಹಿಡಿಯುವವರು, ಎಲ್ಲರೂ ಬರುತ್ತಾರೆ. ಹವ್ಯಾಸಕ್ಕೆ ಹೆಣೆಯುವವರಲ್ಲಿ ಬಹಳ ಮಂದಿಗೆ ಯಾರಾದರೂ ಅದಾಗಲೇ "ಬಿಟ್ಟುಬಿಡಿ" ಅಂದಿರುತ್ತಾರೆ. ಕುಚ್ಚು ಹಾಕುವವಳಿಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ, ಅದು ಅವಳ ಅನ್ನ. ಹವ್ಯಾಸವಾದರೆ ಸಲೀಸಾಗಿ ಹೇಳಿಬಿಡುತ್ತಾರೆ. ನನಗೆ ಇದು ಸರಿಯೆನಿಸುವುದಿಲ್ಲ. ನಿವೃತ್ತಿಯಾದ ಮೇಲೆ ದಿನಕ್ಕೊಂದು ಆಕಾರ ಕೊಡುವ ಕೆಲಸವನ್ನು ಕಿತ್ತುಕೊಂಡರೆ ಮನಸ್ಸು ಎಷ್ಟು ಕುಗ್ಗುತ್ತದೆ ಎಂದು ಕಣ್ಣಾರೆ ಕಂಡಿದ್ದೇನೆ. ಬಳಕೆ ನಿಂತ ಬೆರಳು ಬಿಗಿಯುವುದೂ ಉಂಟು.

ಕೈಯನ್ನು ಮುಟ್ಟಿ ನೋಡದೆ ಖಚಿತವಾಗಿ ಹೇಳಲಾಗದು. ಆದರೂ ನೀವು ಬರೆದಿರುವ ವಿವರ ಎಷ್ಟು ಸ್ಪಷ್ಟವಾಗಿದೆಯೆಂದರೆ, ನಿಮ್ಮ ಬಲಗೈಯಲ್ಲಿ ಇರುವುದು ಒಂದು ತೊಂದರೆಯಲ್ಲ, ಎರಡು ಎಂದು ಧೈರ್ಯವಾಗಿ ಹೇಳಬಹುದು. ಎರಡೂ ಒಂದೇ ಸಮಯಕ್ಕೆ ಬಂದಿದ್ದರಿಂದ ಒಂದೇ ಕಾಯಿಲೆಯೆಂದು ತೋರುತ್ತಿದೆ, ಅಷ್ಟೆ. ಎರಡರ ಮೂಲವೂ ಬೇರೆ, ಮದ್ದೂ ಬೇರೆ.

ಮೊದಲು ಜೋಮಿನ ವಿಚಾರ. ಮಣಿಕಟ್ಟಿನ ಒಳಬದಿಯಲ್ಲಿ ಒಂದು ಇಕ್ಕಟ್ಟಾದ ದಾರಿಯಿದೆ. ಕೆಳಗೆ, ಅಕ್ಕಪಕ್ಕ ಮೂಳೆ, ಮೇಲೆ ಗಟ್ಟಿಯಾದ ಪಟ್ಟಿ. ಅದರೊಳಗೆ ಬೆರಳು ಮಡಚುವ 9 ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ಒಂದು ನರವೂ ಹಾದುಹೋಗುತ್ತವೆ. ಜಾಗ ಹಿಗ್ಗುವುದಿಲ್ಲ. ಒಳಗೆ ಸ್ವಲ್ಪ ಬಾವು ಬಂದರೂ, ಮಣಿಕಟ್ಟು ಬಹಳ ಹೊತ್ತು ಮಡಚಿಕೊಂಡೇ ಇದ್ದರೂ ಒತ್ತಡ ಬೀಳುವುದು ನರದ ಮೇಲೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರದ ಬೆರಳಿನ ಅರ್ಧಭಾಗಕ್ಕೆ ಸ್ಪರ್ಶ ಕೊಡುವುದು ಇದೇ ನರ. ನಿದ್ದೆಯಲ್ಲಿ ನಾವು ಕೈಯನ್ನು ಮಡಚಿ ಕೆನ್ನೆಯಡಿಗೋ ದಿಂಬಿನಡಿಗೋ ಇಟ್ಟುಕೊಳ್ಳುತ್ತೇವೆ, ಆಗ ಒತ್ತಡ ಏರುತ್ತದೆ. ಎದ್ದು ಒದರಿದರೆ ಇಳಿಯುತ್ತದೆ. ನೀವು ಹೆಸರಿಸಿದ ಬೆರಳುಗಳೂ ರಾತ್ರಿಯ ಹೊತ್ತೂ ಇದಕ್ಕೇ ಹೊಂದುತ್ತವೆ. ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ವೈದ್ಯರು ಕರೆಯುವುದು ಇದನ್ನೇ.

ಕಿರುಬೆರಳಿಗೂ ಜೋಮು ಬರುತ್ತದೆಯೇ ಎಂದು ಒಂದೆರಡು ರಾತ್ರಿ ಗಮನಿಸಿ. ಕಿರುಬೆರಳಿನ ಕಡೆಗೇ ಹೆಚ್ಚಿದ್ದರೆ ತೊಂದರೆ ಮೊಣಕೈ ಹತ್ತಿರದ ಬೇರೆ ನರದಲ್ಲಿರಬಹುದು. ಕತ್ತಿನಿಂದ ತೋಳಿನುದ್ದಕ್ಕೂ ನೋವು ಇಳಿಯುತ್ತಿದ್ದರೆ ಕತ್ತನ್ನು ನೋಡಬೇಕು. ಎರಡೂ ಪಾದಗಳಲ್ಲಿ ಜೋಮಿದ್ದರೆ ಅದು ಸಕ್ಕರೆ ಕಾಯಿಲೆಯಿಂದಲೋ ಬಿ12 ಕೊರತೆಯಿಂದಲೋ ಬಂದ ನರದೌರ್ಬಲ್ಯ ಆಗಿರುವ ಸಾಧ್ಯತೆ ಹೆಚ್ಚು. ಬಿ12 ವಿಷಯವನ್ನು ಬೇಕೆಂದೇ ಎತ್ತಿದ್ದೇನೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಮೈಯಲ್ಲಿ ಬಿ12 ಕಡಿಮೆಯಾಗಬಹುದು. ನೀವು ಸಸ್ಯಾಹಾರಿಯಾಗಿದ್ದರೆ ಇನ್ನೂ ಬೇಗ. ನಿಮ್ಮ ವೈದ್ಯರನ್ನು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ), ಥೈರಾಯ್ಡ್, ಬಿ12 ಮೂರನ್ನೂ ಮಾಡಿಸಲು ಕೇಳಿ. ಕಾರ್ಪಲ್ ಟನಲ್ ತೊಂದರೆ ಸಕ್ಕರೆ ಕಾಯಿಲೆಯವರಲ್ಲಿ, ಥೈರಾಯ್ಡ್ ಕಡಿಮೆಯಿರುವವರಲ್ಲಿ ಬೇರೆಯವರಿಗಿಂತ ಹೆಚ್ಚು. ತುಂಬಿದ ಬಸುರಿಯರಲ್ಲೂ ಇದು ಸಾಮಾನ್ಯ. ನಿಮ್ಮ ಸೊಸೆಯನ್ನು ಒಮ್ಮೆ ಕೇಳಿನೋಡಿ, ಅವರೂ ರಾತ್ರಿ ಕೈ ಒದರುತ್ತಿರಬಹುದು. ಅವರದು ಬಹುತೇಕ ಹೆರಿಗೆಯಾದ ಮೇಲೆ ತಾನಾಗಿ ಇಳಿಯುತ್ತದೆ.

ಇನ್ನು ಹೆಬ್ಬೆರಳು. ಹೆಬ್ಬೆರಳಿನ ಬುಡ ಮಣಿಕಟ್ಟಿಗೆ ಸೇರುವಲ್ಲಿರುವ ಕೀಲು ಕೈಯಲ್ಲೇ ಬಹಳ ಸ್ವತಂತ್ರವಾಗಿ ತಿರುಗುವ ಕೀಲು. ಆ ಸ್ವಾತಂತ್ರ್ಯಕ್ಕೆ ಬೆಲೆಯೂ ಇದೆ. ಬೆರಳ ತುದಿಯಲ್ಲಿ ಸೂಜಿ, ಕಡ್ಡಿ, ಕಾಗದ ಹಿಡಿದು ಚಿವುಟುವ ಹಾಗೆ ಒತ್ತಿದಾಗ, ತುದಿಯ ಒತ್ತಡ ಬುಡದಲ್ಲಿ ಹಲವು ಪಟ್ಟಾಗುತ್ತದೆ. ಅಮೆರಿಕದ ಕೂನಿ ಮತ್ತು ಚಾವೊ 1977ರಲ್ಲಿ ಲೆಕ್ಕ ಹಾಕಿದ ಪ್ರಕಾರ ತುದಿಯಲ್ಲಿ 1 ಕಿಲೋ ಒತ್ತಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಬೀಳುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಕೀಲಿನ ಮೃದ್ವಸ್ಥಿ ಸವೆಯುವುದು ಬಹಳ ಸಾಮಾನ್ಯ. ಡಬ್ಬಿ ಮುಚ್ಚಳ, ಬೀಗದ ಕೈ, ಕತ್ತರಿ ಎಂದು ನೋವು ಶುರುವಾಗುವುದೂ ಹೀಗೆಯೇ.

ಇದಕ್ಕೆ ಹತ್ತಿರದ ಇನ್ನೊಂದು ತೊಂದರೆಯಿದೆ. ಹೆಬ್ಬೆರಳನ್ನು ಮೇಲಕ್ಕೆತ್ತುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಬದಿಯಲ್ಲಿ ಹಾದುಹೋಗುವ ಕಡೆ ಉಜ್ಜಿ ನೋಯುವುದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕೆರ್ವಾನ್ 1895ರಲ್ಲಿ ವಿವರಿಸಿದ್ದರಿಂದ ಅವರ ಹೆಸರೇ ಉಳಿದಿದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟು ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳಿನ ಕಡೆಗೆ ಬಾಗಿಸಿದಾಗ ಮಣಿಕಟ್ಟಿನ ಬದಿಯಲ್ಲಿ ಚಳಕ್ ಎಂದರೆ ಇದರ ಅನುಮಾನ ಬರುತ್ತದೆ. ನೋವು ಅಂಗೈ ಕಡೆಗೆ, ಹೆಬ್ಬೆರಳಿನ ದಿಣ್ಣೆಯ ಆಳದಲ್ಲಿದ್ದರೆ ಕೀಲಿನದು. ಮನೆಯಲ್ಲಿ ಒಮ್ಮೆ ಮಾಡಿನೋಡಿದರೆ ಸಾಕು, ಪದೇಪದೇ ಮಾಡಿ ನೋವು ಹೆಚ್ಚಿಸಿಕೊಳ್ಳಬೇಡಿ.

ಹಾಗಾದರೆ ಪಕ್ಕದ ಮನೆಯವರ ಮಾತು ನಿಜವೇ? ಹೆಣಿಗೆಯಿಂದ ಸಂಧಿವಾತ ಹುಟ್ಟುವುದಿಲ್ಲ. ಹೆಬ್ಬೆರಳ ಕೀಲು ಸವೆಯಲು ವಯಸ್ಸು, ಹೆಣ್ಣಾಗಿರುವುದು, ಮನೆತನ, ಕೀಲಿನ ಹಿಡಿತ ಸಡಿಲವಾಗಿರುವುದು ಮುಖ್ಯ ಕಾರಣಗಳು. ಎರಡೂ ಕೈಯ ಬೆರಳ ಗೆಣ್ಣುಗಳು ಊದಿಕೊಂಡು, ಬೆಳಿಗ್ಗೆ ಎದ್ದಮೇಲೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಗಿಯಾಗಿರುವ ಸಂಧಿವಾತ ಮೈಯ ರೋಗನಿರೋಧಕ ಶಕ್ತಿಯ ಗೊಂದಲದಿಂದ ಬರುವಂಥದು. ಕಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಹೆಣಿಗೆ ಪೂರ್ತಿ ನಿರಪರಾಧಿ ಎಂದೂ ನಾನು ಹೇಳಲಾರೆ. ಸವೆದ ಕೀಲು ಸುಮ್ಮನಿದ್ದಾಗ ಅದನ್ನು ಕೆರಳಿಸುವುದು, ಇಕ್ಕಟ್ಟಿನಲ್ಲಿರುವ ನರಕ್ಕೆ ಇನ್ನಷ್ಟು ಒತ್ತಡ ಕೊಡುವುದು ಅದಕ್ಕೆ ಸಾಧ್ಯ. ಹೇಗೆ ಹೆಣೆಯುತ್ತೀರಿ, ಎಷ್ಟು ಹೊತ್ತು, ಯಾವ ದಾರದಲ್ಲಿ ಎಂಬುದರ ಮೇಲೆ ಅದು ನಿಂತಿದೆ.

ನಿಮ್ಮ ಪತ್ರವನ್ನು ಆ ಕಣ್ಣಿನಿಂದ ಓದಿದರೆ ಉತ್ತರ ಅಲ್ಲೇ ಇದೆ. ದಶಕಗಟ್ಟಲೆ ಹೆಣೆದ ಕೈ ಸುಮ್ಮನೆ ಈಗ ಯಾಕೆ ನೊಂದಿತು? ಕಳೆದ ಕೆಲವು ತಿಂಗಳಲ್ಲಿ ಮೂರು ಸಂಗತಿ ಬದಲಾಗಿವೆ. ನಿವೃತ್ತಿಯಿಂದಾಗಿ ಕೂರುವ ಹೊತ್ತು ಹಲವು ಪಟ್ಟಾಯಿತು. 120 ಕಾರ್ಡುಗಳಿಗೆ ದಪ್ಪ ಕಾಗದ ಕತ್ತರಿಸಿದಿರಿ. ಮೂರನೆಯದು ಹತ್ತಿ ದಾರ. ಉಲ್ಲನ್, ಅಕ್ರಿಲಿಕ್ ಎಳೆದರೆ ಸ್ವಲ್ಪ ಹಿಗ್ಗುತ್ತವೆ, ಕಡ್ಡಿ ನುಗ್ಗಲು ಕುಣಿಕೆ ಜಾಗ ಬಿಡುತ್ತದೆ. ಹತ್ತಿ ಹಿಗ್ಗುವುದಿಲ್ಲ. ಪ್ರತಿ ಕುಣಿಕೆಗೂ ಆ ಹಿಗ್ಗುವ ಕೆಲಸವನ್ನು ನಿಮ್ಮ ಬೆರಳು ಮಾಡಬೇಕು. ಸಾಲಿಗೆ 120 ಕುಣಿಕೆ ಅಂತಿಟ್ಟುಕೊಂಡರೂ 10 ಸಾಲಿಗೆ 1200 ಸಲ. ಮೇಲಾಗಿ ಹತ್ತಿ ಭಾರ. ಅರ್ಧ ಆದ ಹೊದಿಕೆ ಉದ್ದ ಕಡ್ಡಿಯಿಂದ ನೇತಾಡುತ್ತಿದ್ದರೆ ಆ ತೂಕವೆಲ್ಲ ಮಣಿಕಟ್ಟಿಗೆ. ಬೆಂಗಳೂರಿನ ಮಾರ್ಚಿಗೆ ಮಗುವಿಗೆ ಹತ್ತಿಯೇ ಸರಿ, ನಿಮ್ಮ ಆಯ್ಕೆ ತಪ್ಪಲ್ಲ. ಕೈಗೆ ಮಾತ್ರ ಅದು ಹೊಸ ಹೊರೆ.

ನೀವು ಬರೆಯದೆ ಬಿಟ್ಟಿರುವುದೊಂದಿದೆ, ಅದನ್ನು ನಾನೇ ಕೇಳುತ್ತೇನೆ: ಮನೆಯಲ್ಲಿ ಅವರೆಕಾಳು ಹಿತುಕುವವರು ಯಾರು? ಡಿಸೆಂಬರ್, ಜನವರಿಯಲ್ಲಿ ನನ್ನ ಬಳಿಗೆ ಹೆಬ್ಬೆರಳ ನೋವಿನ ಹೆಂಗಸರು ಬಂದರೆ ಮೊದಲ ಪ್ರಶ್ನೆ ಇದೇ. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒಂದೊಂದಾಗಿ ಒತ್ತಿ ಸಿಪ್ಪೆ ಬಿಡಿಸುವುದು, ಒಂದು ಸಾರಿಗೆ ಬೇಕಾಗುವಷ್ಟು ಕಾಳಿಗೆ ನೂರಾರು ಸಲ ಅದೇ ಒತ್ತು. ಹಿತುಕಿದ ಬೇಳೆ ಸಾರಿನ ರುಚಿಯ ಹಿಂದೆ ಇರುವುದು ಆ ಹೆಬ್ಬೆರಳು. ಕಾಯಿ ತುರಿಯುವುದು, ಒದ್ದೆ ಬಟ್ಟೆ ಹಿಂಡುವುದು, ಚಪಾತಿ ಹಿಟ್ಟು ನಾದುವುದು, ಕುಕ್ಕರ್ ಎತ್ತುವುದು, ಸಂಜೆ ಮೊಬೈಲನ್ನು ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ತಳ್ಳುತ್ತಾ ಕೂರುವುದು, ಇವೆಲ್ಲ ಅದೇ ಕೀಲಿನ ಮೇಲೆ. ಇವನ್ನು ಬಿಡಿ ಎಂದು ಯಾರೂ ಹೇಳುವುದಿಲ್ಲ. ದೂರು ಮಾತ್ರ ಹೆಣಿಗೆಯ ಮೇಲೆ, ಏಕೆಂದರೆ ಅದು ಹೆಂಗಸು ತನಗಾಗಿ ಇಟ್ಟುಕೊಂಡ ಹೊತ್ತು. ಈ ಅನ್ಯಾಯ ನನಗೆ ಕಣ್ಣಿಗೆ ಹೊಡೆಯುತ್ತದೆ. ಈ ವರ್ಷ ಅವರೆ ಹಿತುಕುವ ಕೆಲಸ ಮಗನದಾಗಲಿ. ಹಿತುಕಿದ ಕಾಳನ್ನೇ ಮಾರುತ್ತಾರೆ, ಅದನ್ನು ತಂದರೂ ಆಯಿತು.

ಮಗ ತಂದ ಚೆಂಡನ್ನು ಮೊದಲು ಬದಿಗಿಡಿ. ಕೈ ನೋವಿಗೆಲ್ಲ ಚೆಂಡು ಹಿಸುಕುವುದೇ ಮದ್ದು ಎಂಬ ನಂಬಿಕೆ ಬಲವಾಗಿದೆ. ಹೆಬ್ಬೆರಳ ಬುಡ ನೋಯುವಾಗ ಜೋರಾಗಿ ಹಿಸುಕಿದರೆ ಅದೇ ಕೀಲಿಗೆ ಇನ್ನಷ್ಟು ಒತ್ತಡ. ನಿಮಗೆ ಬೇಕಾದದ್ದು ಹೆಬ್ಬೆರಳನ್ನು ಅಂಗೈಯಿಂದ ದೂರ ತೆರೆದು, ದೊಡ್ಡ ಲೋಟ ಹಿಡಿದ ಆಕಾರದಲ್ಲಿ ನಿಲ್ಲಿಸುವ ಅಭ್ಯಾಸ, ಮತ್ತು ತೋರುಬೆರಳನ್ನು ಹೆಬ್ಬೆರಳಿನ ಕಡೆಗೆ ಎಳೆಯುವ ಸಣ್ಣ ಸ್ನಾಯುವಿಗೆ ಬಲ ತುಂಬುವುದು. ತೋರುಬೆರಳಿಗೆ ಒಂದು ತೆಳು ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಇನ್ನೊಂದು ಕೈಯಲ್ಲಿ ಅದನ್ನು ನಡುಬೆರಳಿನ ಕಡೆಗೆ ಹಿಡಿದುಕೊಂಡು, ತೋರುಬೆರಳನ್ನು ಹೆಬ್ಬೆರಳ ಕಡೆಗೆ ಮೆಲ್ಲಗೆ ಸರಿಸಿ, ಅಲ್ಲೇ ಎಣಿಸಿ ಐದರವರೆಗೆ ನಿಲ್ಲಿಸಿ ಬಿಡುವುದು. ದಿನಕ್ಕೆ ಎರಡು ಹೊತ್ತು 10 ಸಲ, ನೋವಾಗದ ಮಟ್ಟದಲ್ಲಿ.

ತಾಮ್ರದ ಬಳೆಯ ಬಗ್ಗೆ ಅತ್ತಿಗೆಯವರ ಮನಸ್ಸು ನೋಯಿಸಬೇಡಿ, ಆದರೆ ಗುಣವಾಗುತ್ತದೆ ಎಂದು ಕಾಯಲೂ ಬೇಡಿ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಂಧಿವಾತದವರಿಗೆ ತಾಮ್ರದ ಬಳೆಯಿಂದ ಹುಸಿ ಬಳೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಬಿಗಿಯಾಗಿದ್ದರೆ ಮಾತ್ರ ರಾತ್ರಿ ತೆಗೆದಿಡಿ. ಬಿಸಿನೀರಿನಲ್ಲಿ ಕೈ ಅದ್ದುವುದು, ಎಳ್ಳೆಣ್ಣೆ ಹಚ್ಚಿ ಮೆಲ್ಲಗೆ ನೀವುವುದು ಹಿತ ಕೊಡುತ್ತವೆ. ಹಿತ ಕೊಡುವುದು ಸಣ್ಣ ಸಂಗತಿಯಲ್ಲ. ಬೆಳಿಗ್ಗೆ 10 ನಿಮಿಷ ಅದ್ದಿ, ಆಮೇಲೆ ಕಡ್ಡಿ ಹಿಡಿಯಿರಿ. ನಿಮಗೆ ಸಕ್ಕರೆ ಕಾಯಿಲೆಯೂ ಇದೆ, ಜೋಮೂ ಇದೆ, ಆದ್ದರಿಂದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿಕೊಳ್ಳಿ. ಬೆರಳಿಗೆ ಗೊತ್ತಾಗದೆ ಸುಟ್ಟುಕೊಂಡವರನ್ನು ನೋಡಿದ್ದೇನೆ. ಉಳುಕು ತೆಗೆಯುತ್ತೇವೆ ಎಂದು ಹೆಬ್ಬೆರಳು ಎಳೆಯುವವರ ಕೈಗೆ ಮಾತ್ರ ಕೊಡಬೇಡಿ.

ಈಗ ಮಾಡಬೇಕಾದ್ದು. ಜೋಮಿಗೆ ಮೊದಲ ಮದ್ದು ರಾತ್ರಿ ಮಣಿಕಟ್ಟಿಗೆ ಪಟ್ಟಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಿದ್ಧ ಪಟ್ಟಿಯಲ್ಲಿ ಒಂದು ಲೋಹದ ಅಥವಾ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದು ಬಹಳ ಸಲ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿಯುವಂತಿರುತ್ತದೆ. ನರಕ್ಕೆ ಒತ್ತಡ ಅತಿ ಕಡಿಮೆ ಇರುವುದು ಮಣಿಕಟ್ಟು ನೆಟ್ಟಗೆ ಇದ್ದಾಗ. ಆದ್ದರಿಂದ ಲೋಹದ ತುಂಡನ್ನು ಹೊರಗೆ ತೆಗೆದು ನೆಟ್ಟಗೆ ಮಾಡಿ ಮತ್ತೆ ಸೇರಿಸಿಕೊಳ್ಳಬಹುದು. ಪಟ್ಟಿ ಹಾಕಿದರೂ ಪ್ರಯೋಜನವಿಲ್ಲ ಎನ್ನುವವರಲ್ಲಿ ಎಷ್ಟೋ ಮಂದಿಯ ಪಟ್ಟಿ ಇಷ್ಟು ಸರಿಮಾಡಿದರೆ ಕೆಲಸ ಮಾಡಿದ್ದುಂಟು. ಬೆರಳು ಆಡುವಷ್ಟು ಸಡಿಲ ಇರಬೇಕು, ರಾತ್ರಿಗೆ ಮಾತ್ರ, ಕನಿಷ್ಠ ಆರು ವಾರ. ಹಗಲೂ ಕಟ್ಟಿಕೊಂಡೇ ಇದ್ದರೆ ಕೈ ಬಲ ಕಳೆದುಕೊಳ್ಳುತ್ತದೆ.

ಹೆಬ್ಬೆರಳಿಗೆ ಬೇರೆಯೇ ಪಟ್ಟಿ. ಬುಡವನ್ನು ಆಧರಿಸಿ ತುದಿಯನ್ನು ಬಿಡುವಂಥದು, ಕೆಲಸ ಮಾಡುವಾಗಷ್ಟೇ. ಕೈಯ ಅಳತೆಗೆ ಬಿಸಿನೀರಿನಲ್ಲಿ ಮೆದುಮಾಡಿ ಹೊಂದಿಸುವ ಪ್ಲಾಸ್ಟಿಕ್ ಪಟ್ಟಿ ಒಳ್ಳೆಯದು. ಮೃದುವಾದ ಬಟ್ಟೆಯದು ತೊಡಲು ಸುಲಭ, ಹಿಡಿತ ಕಡಿಮೆ. ಅದನ್ನು ಹಾಕಿಕೊಂಡು ಹೆಣೆಯಲು ಮೊದಲ ವಾರ ಕಿರಿಕಿರಿ ಆಗುತ್ತದೆ, ಆಮೇಲೆ ಒಗ್ಗುತ್ತದೆ.

ಹೊದಿಕೆಯನ್ನು ಎರಡು ವಾರ ಎತ್ತಿಡಿ. ಕೆರಳಿದ ಕೀಲು ತಣಿಯಲು ಅಷ್ಟು ಬೇಕು. ಆ ಎರಡು ವಾರ ಬಣ್ಣ ಹೊಂದಿಸುವುದು, ಮಾದರಿ ಬರೆದಿಡುವುದು, ಗುಂಡಿ ಆರಿಸುವುದು ಮಾಡಿಕೊಳ್ಳಿ, ಕೈ ಬರಿದಾಗಿಲ್ಲ ಅನ್ನಿಸುತ್ತದೆ. ಮತ್ತೆ ಹಿಡಿದಾಗ ಅದೇ ಕಡ್ಡಿಗೆ ಹೋಗಬೇಡಿ. ಇದ್ದ ಕುಣಿಕೆಗಳನ್ನೆಲ್ಲ ವೈರಿನಿಂದ ಜೋಡಿಸಿದ ದುಂಡು ಕಡ್ಡಿಗೆ ವರ್ಗಾಯಿಸಿ, 80 ಸೆಂಟಿಮೀಟರ್ ಉದ್ದದ್ದು ಸಾಕಾಗಬಹುದು. ಹೊದಿಕೆಯ ತೂಕ ಮಡಿಲಿನ ಮೇಲೆ ಕೂರುತ್ತದೆ, ಮಣಿಕಟ್ಟು ಬರೀ ತುದಿಯನ್ನಷ್ಟೇ ಆಡಿಸುತ್ತದೆ. ನಿಮ್ಮ ಕೈಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಬಿದಿರಿನ ಕಡ್ಡಿ ಹಗುರ, ಬೆಚ್ಚಗೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಬಿಗಿಯಾಗಿ ಹೆಣೆಯುವವರಿಗೆ ಹತ್ತಿ ದಾರ ಬಿದಿರಿನ ಮೇಲೆ ಅಂಟಿದ ಹಾಗೆ ಆಗುತ್ತದೆ, ತಳ್ಳಲು ಹೆಬ್ಬೆರಳೇ ಬೇಕು. ಹತ್ತಿಗೆ ನುಣುಪಾದ ಲೋಹದ ತುದಿಯೇ ಮೇಲು. ಕಡ್ಡಿಯ ಗಾತ್ರ ಅರ್ಧ ಮಿಲಿಮೀಟರ್ ಹೆಚ್ಚಿಸಿದರೆ ಕುಣಿಕೆ ಸಡಿಲವಾಗುತ್ತದೆ. ಹೊದಿಕೆಯ ನಡುವೆ ಹೀಗೆ ಬದಲಿಸಿದರೆ ಅಗಲದಲ್ಲಿ ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಅದು ಒಪ್ಪಿಗೆಯಾಗದಿದ್ದರೆ ಆದಷ್ಟಕ್ಕೆ ಮುಗಿಸಿ, ಉಳಿದದ್ದನ್ನು ಅಂಗೈಯಗಲದ ಚೌಕಗಳಾಗಿ ಬೇರೆಬೇರೆ ಹೆಣೆದು ಅಂಚಿಗೆ ಜೋಡಿಸಿ. ಚೌಕ ಹಗುರ, ಒಂದು ಮುಗಿದಾಗ ತಾನಾಗಿ ವಿರಾಮ ಸಿಗುತ್ತದೆ.

ದಾರವನ್ನು ಬಲಗೈಯಿಂದ ಪ್ರತಿ ಸಲ ಎಸೆದು ಸುತ್ತುವ ಅಭ್ಯಾಸ ನಿಮ್ಮದಾಗಿದ್ದರೆ, ದಾರವನ್ನು ಎಡಗೈ ಬೆರಳಿನಲ್ಲಿ ಹಿಡಿದು ಕಡ್ಡಿಯ ತುದಿಯಿಂದ ಎಳೆದುಕೊಳ್ಳುವ ರೀತಿಯನ್ನು ಕಲಿತುನೋಡಿ. ಬಲ ಮಣಿಕಟ್ಟಿನ ಓಡಾಟ ಬಹಳ ಕಡಿಮೆಯಾಗುತ್ತದೆ. ನಿಮ್ಮ ವಯಸ್ಸಿನವರು ಕಲಿತಿದ್ದಾರೆ. ಒಂದೆರಡು ವಾರ ಕುಣಿಕೆಗಳು ಅಂಕುಡೊಂಕು ಬರುತ್ತವೆ, ಅದನ್ನು ಮಗುವಿನ ಹೊದಿಕೆಯಲ್ಲಿ ಬೇಡ, ಒಂದು ಕೈವಸ್ತ್ರದಲ್ಲಿ ಅಭ್ಯಾಸ ಮಾಡಿ. ಕ್ರೋಶಾ ಕಡ್ಡಿಗೆ ಹಿಡಿ ದಪ್ಪಗಿರಲಿ. ರಬ್ಬರ್ ಹಿಡಿಯದು ಸಿಗದಿದ್ದರೆ ಮಕ್ಕಳ ಪೆನ್ಸಿಲ್‌ಗೆ ಹಾಕುವ ಮೆದು ಗ್ರಿಪ್ ಸ್ಟೇಷನರಿ ಅಂಗಡಿಯಲ್ಲಿದೆ, ಅದನ್ನೇ ಏರಿಸಿ. ತೆಳ್ಳಗಿನ ಹಿಡಿಯನ್ನು ಹೆಚ್ಚು ಬಲವಾಗಿ ಚಿವುಟಬೇಕಾಗುತ್ತದೆ.

ಹೊತ್ತಿನ ಲೆಕ್ಕ ಇವೆಲ್ಲಕ್ಕಿಂತ ಕಷ್ಟ. "ಈ ಸಾಲು ಮುಗಿಸಿ ಏಳುತ್ತೇನೆ" ಎನ್ನುವುದು ಹೆಣಿಗೆಯವರ ಮಾತು, ಆ ಸಾಲು ಮುಗಿಯುವುದೇ ಇಲ್ಲ. 20 ನಿಮಿಷಕ್ಕೆ ಗಂಟೆ ಇಟ್ಟುಕೊಳ್ಳಿ. ಗಂಟೆ ಹೊಡೆದಾಗ ಸಾಲಿನ ನಡುವೆಯೇ ಇಳಿಸಿ, ಎದ್ದು ಗಿಡಕ್ಕೆ ನೀರು ಹಾಕಿ ಬನ್ನಿ. ವಿರಾಮದಲ್ಲಿ ಮೊಬೈಲ್ ಹಿಡಿದರೆ ಅದು ವಿರಾಮವಲ್ಲ. ದಿನಕ್ಕೆ ಇಂಥ ಮೂರು ಸುತ್ತಿನಿಂದ ಶುರುಮಾಡಿ. ಮರುದಿನ ಬೆಳಿಗ್ಗೆ ಕೈ ನಿನ್ನೆಯಷ್ಟೇ ಇದ್ದರೆ ವಾರಕ್ಕೊಂದು ಸುತ್ತು ಸೇರಿಸಿ, ನೋವು ಹೆಚ್ಚಿದ್ದರೆ ಒಂದು ಸುತ್ತು ಕಳೆಯಿರಿ. ಕೂರುವಾಗ ಎರಡೂ ಮೊಣಕೈ ಕೆಳಗೆ ದಿಂಬು ಇರಲಿ.

ಕಾರ್ಡಿನ ಕೆಲಸದಲ್ಲಿ ಕೈ ಕೆಡಿಸುವುದು ಕತ್ತರಿಯೇ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವನ್ನು ಕತ್ತರಿಯಲ್ಲಿ ಕತ್ತರಿಸುವುದು ಹೆಬ್ಬೆರಳಿಗೆ ಶಿಕ್ಷೆ. ಒಂದೇ ಅಳತೆಯ ನೂರು ತುಂಡು ಬೇಕಿದ್ದರೆ ಕಾಗದ ಕೊಳ್ಳುವ ಕಡೆಯೇ ಯಂತ್ರದಲ್ಲಿ ಕತ್ತರಿಸಿಕೊಡಲು ಕೇಳಿ. ಸುಲ್ತಾನ್‌ಪೇಟೆಯ ಕಾಗದ, ಮುದ್ರಣದ ಬೀದಿಗಳಲ್ಲಿ ಇದು ದಿನನಿತ್ಯದ ಕೆಲಸ. ಮನೆಯಲ್ಲಾದರೆ ನಿಂತುಕೊಂಡು, ಉಕ್ಕಿನ ಅಳತೆಪಟ್ಟಿ ಇಟ್ಟು, ಹರಿತವಾದ ಕಟರ್‌ನಿಂದ ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಮಡಿಕೆಗೆ ಮೊದಲು ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆ ಎಳೆದರೆ ಉಗುರಿನಿಂದ ಒತ್ತಬೇಕಿಲ್ಲ. ಹೂವಿನಾಕಾರದ ಪಂಚ್ ಅನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ. ಗೋಂದಿನ ಬಾಟಲಿ ಹಿಂಡುವ ಬದಲು ಪುಟ್ಟ ಬಟ್ಟಲಿಗೆ ಸುರಿದು ಕುಂಚದಲ್ಲಿ ಹಚ್ಚಿ.

ಔಷಧಿಯ ವಿಷಯಕ್ಕೆ ಬರೋಣ. ನಿಮಗೆ ಬರೆದುಕೊಟ್ಟಿರುವ ನೋವಿನ ಮಾತ್ರೆ ಕೆಲವು ದಿನಕ್ಕೆ ಸರಿ. ಸಕ್ಕರೆ ಕಾಯಿಲೆ ಇರುವವರು ಅಂಥ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡ, ಹೊಟ್ಟೆ, ಬಿಪಿ ಮೂರಕ್ಕೂ ಅಪಾಯ. ಹೆಬ್ಬೆರಳ ಕೀಲು ಚರ್ಮಕ್ಕೆ ಹತ್ತಿರವೇ ಇರುವುದರಿಂದ ಡೈಕ್ಲೊಫೆನಾಕ್ ಜೆಲ್ ಹಚ್ಚಿಯೂ ನೋವು ತಗ್ಗಿಸಬಹುದು, ಮೈಗೆ ಸೇರುವ ಪ್ರಮಾಣ ಬಹಳ ಕಡಿಮೆ. ಮಾತ್ರೆ ಬದಲಿಗೆ ಇದು ಸಾಕೇ ಎಂದು ವೈದ್ಯರನ್ನು ಕೇಳಿ. ಜೋಮಿಗೆ ಎರಡರಿಂದಲೂ ಹೇಳಿಕೊಳ್ಳುವಂಥ ಲಾಭವಿಲ್ಲ.

ಪಟ್ಟಿಯಿಂದ ಆರು ವಾರದಲ್ಲಿ ರಾತ್ರಿಯ ಜೋಮು ಇಳಿಯದಿದ್ದರೆ ನರದಲ್ಲಿ ಸಂಕೇತ ಎಷ್ಟು ವೇಗವಾಗಿ ಹರಿಯುತ್ತದೆಂದು ನೋಡುವ ಪರೀಕ್ಷೆ ಮಾಡಿಸುತ್ತಾರೆ. ಆಮೇಲೆ ಸ್ಟೀರಾಯ್ಡ್ ಇಂಜೆಕ್ಷನ್ ಮಾತು ಬರಬಹುದು. ಹೆಸರು ಕೇಳಿ ಹೆದರಬೇಡಿ, ಆದರೆ ಮೊದಲೇ ಎರಡು ಸಂಗತಿ ತಿಳಿದಿರಲಿ. ಚುಚ್ಚಿದ ಮೇಲೆ ಕೆಲವು ದಿನ ನಿಮ್ಮ ಸಕ್ಕರೆ ಏರುತ್ತದೆ, ಮನೆಯಲ್ಲೇ ನೋಡಿಕೊಳ್ಳಬೇಕು. ಚುಚ್ಚಿದ ಜಾಗದಲ್ಲಿ ಚರ್ಮ ಬೆಳ್ಳಗಾಗಬಹುದು. ನಮ್ಮ ಕಂದು ಮೈಬಣ್ಣದಲ್ಲಿ ಅದು ಎದ್ದು ಕಾಣುತ್ತದೆ, ಮಾಸಲು ತಿಂಗಳುಗಳು ಬೇಕು. ಉಪಶಮನ ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ಬರೀ ವಾರಗಳು.

ಆಪರೇಷನ್ ಮಣಿಕಟ್ಟಿಗಾದರೆ ಸಣ್ಣದು. ಕೈಗಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು ನರದ ದಾರಿಯ ಮೇಲೆ ಇರುತ್ತದೆ ಎಂದೆನಲ್ಲ, ಆ ಗಟ್ಟಿ ಪಟ್ಟಿಯನ್ನು ಕತ್ತರಿಸಿ ಬಿಡಿಸುತ್ತಾರೆ, ಬಹುತೇಕ ಅದೇ ದಿನ ಮನೆಗೆ. ರಾತ್ರಿಯ ಜೋಮು ಬಹಳ ಮಂದಿಗೆ ಬೇಗ ಹೋಗುತ್ತದೆ. ಅಂಗೈ ಬುಡದಲ್ಲಿ ಒತ್ತಿದರೆ ನೋವು ಕೆಲವು ವಾರದಿಂದ ತಿಂಗಳುಗಳವರೆಗೆ ಇರುತ್ತದೆ, ಹಿಡಿತದ ಬಲ ಪೂರ್ತಿ ಮರಳಲು ಎರಡು ಮೂರು ತಿಂಗಳು. ಹೆರಿಗೆಯ ಹೊತ್ತಿಗೆ ಮಗು ಎತ್ತಿಕೊಳ್ಳಬೇಕೆಂದಿರುವ ನೀವು ಈ ಲೆಕ್ಕವನ್ನು ಶಸ್ತ್ರವೈದ್ಯರ ಮುಂದೆ ಇಡಲೇಬೇಕು. ಹೆಬ್ಬೆರಳ ಕೀಲಿನ ಆಪರೇಷನ್ ಬೇರೆ ಮಾತು, ಚೇತರಿಕೆ ದೀರ್ಘ. ಎರಡು ತಿಂಗಳ ನೋವಿಗೆ ಅದರ ಯೋಚನೆಯೇ ಬೇಡ.

ಆದರೆ ಕೆಲವು ಚಿಹ್ನೆ ಕಂಡರೆ ಆರು ವಾರ ಕಾಯಬೇಡಿ. ಹಗಲೂ ಬೆರಳು ಜೋಮಾಗಿಯೇ ಇರುವುದು, ರವಿಕೆಯ ಗುಂಡಿ ಹಾಕಲು ತಡಕಾಡುವುದು, ಲೋಟ ಕೈಜಾರುವುದು, ಎರಡೂ ಅಂಗೈ ಪಕ್ಕಪಕ್ಕ ಇಟ್ಟಾಗ ಬಲ ಹೆಬ್ಬೆರಳಿನ ದಿಣ್ಣೆ ಚಪ್ಪಟೆಯಾಗಿ ಕಾಣುವುದು, ಇವು ನರ ಸೋಲುತ್ತಿರುವ ಲಕ್ಷಣ. ಬಹಳ ದಿನ ಸೋತ ನರ ಆಪರೇಷನ್ ಆದರೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಎರಡೂ ಕೈ ಒಟ್ಟಿಗೆ ತಡವರಿಸಿ ನಡಿಗೆಯೂ ತೂರಾಡಿದರೆ ಕತ್ತಿನಲ್ಲಿ ಬೆನ್ನುಹುರಿಗೆ ಒತ್ತಡ ಬಿದ್ದಿರಬಹುದು, ಅದು ಇನ್ನೂ ತುರ್ತು. ಕೀಲು ಕೆಂಪಗಾಗಿ, ಬಿಸಿಯಾಗಿ ಊದಿ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ. ಖಾಸಗಿ ಖರ್ಚು ಹೊರೆಯಾಗುವುದಾದರೆ ಜಯನಗರದ ಬೈರಸಂದ್ರದಲ್ಲಿ ಸರ್ಕಾರದ ಸಂಜಯ್ ಗಾಂಧಿ ಮೂಳೆ ಚಿಕಿತ್ಸಾ ಸಂಸ್ಥೆ ಇದೆ. ಎಲ್ಲಿಗೆ ಹೋದರೂ ಅರ್ಧ ಆದ ಹೊದಿಕೆಯನ್ನೂ ಕಡ್ಡಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಹೇಗೆ ಹಿಡಿಯುತ್ತೀರಿ ಎಂದು ತೋರಿಸಿ. ಕೈ ನೋಡುವವರಿಗೆ ಅದರಿಂದ ಸಿಗುವ ಸುಳಿವು ಎಕ್ಸ್‌ರೇಯಲ್ಲಿ ಸಿಗುವುದಿಲ್ಲ.

ಭಾನುವಾರದ ತರಗತಿಯನ್ನು ನಿಲ್ಲಿಸಬೇಡಿ. ಮಕ್ಕಳಿಗೆ ತೋರಿಸಲು 6 ಮಿಲಿಮೀಟರ್ ಕಡ್ಡಿ, ದಪ್ಪ ಅಕ್ರಿಲಿಕ್ ದಾರ ಇಟ್ಟುಕೊಳ್ಳಿ. ಅವರಿಗೂ ಕುಣಿಕೆ ಕಣ್ಣಿಗೆ ಕಾಣುತ್ತದೆ, ನಿಮಗೂ ಚಿವುಟುವ ಕೆಲಸ ಕಡಿಮೆ. ಒಂದೇ ಸಲ ಹತ್ತು ಮಕ್ಕಳ ಕಡ್ಡಿಗೂ ಮೊದಲ ಸಾಲು ಏರಿಸಿಕೊಡುವುದನ್ನು ಮಾತ್ರ ಬಿಡಿ. ಸ್ವಲ್ಪ ಕಲಿತ ದೊಡ್ಡ ಮಕ್ಕಳು ಚಿಕ್ಕವರಿಗೆ ಅದನ್ನು ಮಾಡಿಕೊಡಲಿ, ತಪ್ಪಿದ ಕುಣಿಕೆಯನ್ನು ಬಿಚ್ಚುವ ಕೆಲಸವೂ ಅವರದೇ ಆಗಲಿ. ನೀವು ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿ.